ಸ್ವತಂತ್ರ ಅಧ್ಯಯನಕ್ಕೆ ಬರುವಾಗ ಪ್ರಶ್ನೆಯೊಂದಿರಲಿ

ಅಮೆರಿಕದ ಕಾನೂನು ಶಾಲೆಗಳಲ್ಲಿ ಮೊದಲ ವರ್ಷ ಮುಗಿಸಿದ ವಿದ್ಯಾರ್ಥಿಗಳಿಗೆ, ಪ್ರಾಧ್ಯಾಪಕರೊಬ್ಬರ ಮೇಲ್ವಿಚಾರಣೆಯಲ್ಲಿ ಸಂಶೋಧನಾ ಪ್ರಬಂಧ ಬರೆದು ಕ್ರೆಡಿಟ್ ಗಳಿಸುವ ಅವಕಾಶ ಸಾಮಾನ್ಯವಾಗಿ ಇರುತ್ತದೆ. ಇಂಥ ಪ್ರಬಂಧಗಳಿಗೆ ಮಾರ್ಗದರ್ಶನ ಮಾಡುತ್ತ ಬಂದಿರುವ ನಾನು ಕಂಡಂತೆ, ‘ಸ್ವತಂತ್ರ ಅಧ್ಯಯನ’ ಎಂಬ ಹೆಸರಿನಿಂದಾಗಿ ಹಲವರು ಇದನ್ನು ಹಗುರವಾದ ಕೆಲಸವೆಂದು ಭಾವಿಸುತ್ತಾರೆ.

ಲೆಕ್ಕ ಬೇರೆಯೇ ಇದೆ. ಕಾನೂನು ಶಾಲೆಗಳಿಗೆ ಮಾನ್ಯತೆ ನೀಡುವ ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ನಿನ 310ನೆಯ ಮಾನದಂಡದ ಪ್ರಕಾರ ಒಂದು ಕ್ರೆಡಿಟ್‌ಗೆ ವಾರಕ್ಕೆ 50 ನಿಮಿಷಗಳ ಪಾಠ ಮತ್ತು ತರಗತಿಯ ಹೊರಗೆ 2 ಗಂಟೆಗಳ ಓದು, ಹೀಗೆ ಸುಮಾರು 15 ವಾರ ನಡೆಯಬೇಕು; ಒಟ್ಟು 42.5 ಗಂಟೆ. ತರಗತಿಯೇ ಇಲ್ಲದ ಅಧ್ಯಯನಕ್ಕೂ ಇಷ್ಟೇ ಶ್ರಮ ಬೇಕಾದ್ದರಿಂದ, ಎರಡು ಕ್ರೆಡಿಟ್‌ಗಳ ಪ್ರಬಂಧವೆಂದರೆ 85 ಗಂಟೆಗಳ ದುಡಿಮೆ. ಆದ್ದರಿಂದಲೇ ಯಾವ ದಿನ ಎಷ್ಟು ಹೊತ್ತು ಏನು ಓದಿದಿರಿ ಎಂಬುದನ್ನು ಬರೆದಿಡುವಂತೆ ವಿದ್ಯಾರ್ಥಿಗಳಿಗೆ ಮೊದಲ ಭೇಟಿಯಲ್ಲೇ ಹೇಳುತ್ತೇನೆ.

ಆದರೆ ಗಂಟೆಗಳಿಗಿಂತ ಹೆಚ್ಚಾಗಿ ವಿದ್ಯಾರ್ಥಿಗಳು ಎಡವುವುದು ವಿಷಯದ ಆಯ್ಕೆಯಲ್ಲಿ. ‘ಪೊಲೀಸ್ ಕಣ್ಗಾವಲು ಮತ್ತು ಖಾಸಗಿತನ’ ಎಂದು ಬರೆದುಕೊಂಡು ಬಂದವರನ್ನು ನಾನು ಬರಿಗೈಯಲ್ಲಿ ಕಳಿಸುವುದಿಲ್ಲ. ಜೊತೆಯಲ್ಲಿ ಕೂತು ಅದನ್ನು ಕಿರಿದುಗೊಳಿಸುತ್ತೇನೆ. ಉದಾಹರಣೆಗೆ, 2018ರ ಕಾರ್ಪೆಂಟರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ವ್ಯಕ್ತಿಯೊಬ್ಬನ ಮೊಬೈಲ್ ಎಲ್ಲೆಲ್ಲಿತ್ತು ಎಂಬ ಏಳು ದಿನಗಳ ದಾಖಲೆಯನ್ನು ಪಡೆಯುವುದು ಅಕಾರಣ ಶೋಧದಿಂದ ಜನರನ್ನು ರಕ್ಷಿಸುವ, ಸಂವಿಧಾನದ ನಾಲ್ಕನೆಯ ತಿದ್ದುಪಡಿಯ ಅರ್ಥದಲ್ಲಿ ಶೋಧವೇ ಆಗುತ್ತದೆ ಎಂದಿತು. ಹಾಗಾದರೆ, ಮನೆಯೆದುರಿನ ಕಂಬಕ್ಕೆ ಕ್ಯಾಮೆರಾ ಕಟ್ಟಿ ಎಂಟು ತಿಂಗಳು ಚಿತ್ರೀಕರಿಸಿದರೆ ಅದೂ ಶೋಧವೇ? 2022ರಲ್ಲಿ ಫಸ್ಟ್ ಸರ್ಕ್ಯೂಟ್ ಎಂಬ ಫೆಡರಲ್ ಮೇಲ್ಮನವಿ ನ್ಯಾಯಾಲಯದ ಆರು ನ್ಯಾಯಮೂರ್ತಿಗಳು ಈ ಪ್ರಶ್ನೆಯ ಬಗ್ಗೆ ಮೂರು–ಮೂರಾಗಿ ಒಡೆದರು. ಇಂಥ ಒಡಕು ಸಿಕ್ಕಿತೆಂದರೆ ಪ್ರಬಂಧಕ್ಕೆ ನೆಲೆ ಸಿಕ್ಕಂತೆ: ಎರಡೂ ಕಡೆಯ ವಾದಗಳು ಮುದ್ರಿತವಾಗಿವೆ, ನಿಮ್ಮ ನಿಲುವಿಗೂ ಜಾಗವಿದೆ. ಅದೇ ವಾದವನ್ನು ಬೇರೆಯವರು ಈಗಾಗಲೇ ಮಂಡಿಸಿದ್ದಾರೆಯೇ ಎಂದು ಕಾನೂನು ನಿಯತಕಾಲಿಕಗಳಲ್ಲಿ ಹುಡುಕುವ ಕೆಲಸಕ್ಕೆ ಮೊದಲ ವಾರವನ್ನೇ ಮೀಸಲಿಡಬೇಕು.

ಮೊದಲ ವರ್ಷದ ನಂತರ ಕಡ್ಡಾಯವಾಗಿರುವ ಬರವಣಿಗೆಯ ಅಗತ್ಯವನ್ನು ಈ ಪ್ರಬಂಧ ಪೂರೈಸುತ್ತದೆಯೇ, ಪದವಿಗೆ ಬೇಕಾದ ಕನಿಷ್ಠ 83 ಕ್ರೆಡಿಟ್‌ಗಳಲ್ಲಿ ಇಂಥವು ಎಷ್ಟು ಸಲ್ಲುತ್ತವೆ ಎಂಬುದನ್ನು ನೋಂದಣಿಗೆ ಮೊದಲೇ ಕೇಳಿ ತಿಳಿದುಕೊಳ್ಳಿ.

ನನ್ನ ಮಟ್ಟಿಗೆ ಇಡೀ ಸೆಮಿಸ್ಟರಿನ ಅತಿ ಮುಖ್ಯ ದಿನವೆಂದರೆ ಮೊದಲ ಕರಡು ಕೈಸೇರುವ ದಿನ. ಅದು ಒಂಬತ್ತನೆಯ ವಾರದೊಳಗೆ ಬಂದರೆ ಅಂಚಿನಲ್ಲಿ ಟಿಪ್ಪಣಿ ಬರೆದು, ಎದುರಿಗೆ ಕೂರಿಸಿಕೊಂಡು ಚರ್ಚಿಸಿ, ಮತ್ತೆ ಬರೆಸಲು ಸಮಯವಿರುತ್ತದೆ. ಹದಿನಾಲ್ಕನೆಯ ವಾರದಲ್ಲಿ ಬಂದ ಕರಡಿಗೆ ನಾನು ಅಂಕ ಕೊಡಬಲ್ಲೆನೇ ಹೊರತು ಏನನ್ನೂ ಕಲಿಸಲಾರೆ.