400 + 500 × 7: ಯಂತ್ರ ಈ ಸಾಲನ್ನು ಓದಲು ಕಲಿತದ್ದು ಹೇಗೆ?

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಿಸುವವರ ಬಾಯಲ್ಲಿ ದಿನಾ ಬರುವ ಮಾತು ರೆಂಡಿಟ್ಟ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕು ಅನ್ನುವ ಲೆಕ್ಕ ಅದು. ಗೂಡು ಕಿಲೋಗೆ 500 ರೂಪಾಯಿ, ರೆಂಡಿಟ್ಟ 7, ಸೌದೆ-ಕೂಲಿಗೆ 400 ಅಂತಿಟ್ಟುಕೊಳ್ಳಿ. ಕಿಲೋ ನೂಲಿನ ಅಸಲು 400 + 500 × 7. ಈ ಸಾಲನ್ನು ಹಾಗೇ ಒತ್ತಿದರೆ ಅಂಗಡಿ ಕ್ಯಾಲ್ಕುಲೇಟರ್ 6300 ಅನ್ನುತ್ತದೆ, ಕಾಲೇಜು ಮಕ್ಕಳ ಸೈಂಟಿಫಿಕ್ ಕ್ಯಾಲ್ಕುಲೇಟರ್ 3900 ಅನ್ನುತ್ತದೆ. ಗುಣಾಕಾರವನ್ನೇ ಮೊದಲು ಒತ್ತುವ ಹಳಬರು ಬಚಾವ್.

ಮೊದಲನೆಯದು ಕೈಗೆ ಸಿಕ್ಕಿದ್ದನ್ನು ಸಿಕ್ಕ ಹಾಗೆ ಕೂಡಿ ಗುಣಿಸುತ್ತದೆ. ಎರಡನೆಯದು ಯಾವುದಕ್ಕೆ ಮುಂಚೂಣಿ ಅಂತ ನೋಡಿಕೊಂಡು ಲೆಕ್ಕಕ್ಕೆ ಕೂರುತ್ತದೆ. ಈ ನೋಡಿಕೊಳ್ಳುವ ಕೆಲಸವನ್ನು ಯಂತ್ರಕ್ಕೆ ಕಲಿಸಲು ಜಾಣರೂ ತಿಣುಕಿದ್ದಾರೆ.

1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಂಡ ಫೋರ್ಟ್ರಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ತಂದಾಗ ಬಳಸಿದ ಉಪಾಯ ನನಗೆ ಇವತ್ತಿಗೂ ಮೋಜು. ಕೂಡುವ ಚಿಹ್ನೆಯ ಎರಡೂ ಕಡೆ ಎರಡೆರಡು ಆವರಣ, ಗುಣಿಸುವ ಚಿಹ್ನೆಗೆ ಒಂದೊಂದು, ಸಾಲಿನ ತುದಿಗಳಿಗೆ ಎರಡೆರಡು. ನಮ್ಮ ಲೆಕ್ಕ ((400))+((500)×(7)) ಆಗುತ್ತದೆ. ನೋಡಲು ಗಲೀಜು, ಉತ್ತರ ಮಾತ್ರ ಸರಿ.

1961ರಲ್ಲಿ ನೆದರ್ಲೆಂಡ್ಸ್‌ನ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಇನ್ನೂ ಅಚ್ಚುಕಟ್ಟಾದ ದಾರಿ ಬರೆದಿಟ್ಟರು. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಡಬ್ಬಿಗಳನ್ನು ಪಕ್ಕದ ಹಳಿಗೆ ತಳ್ಳಿ ಕ್ರಮ ಬದಲಿಸುವುದನ್ನು ನೆನೆಸಿಕೊಳ್ಳಿ. ಸಂಖ್ಯೆಗಳು ನೇರ ಮುಂದಕ್ಕೆ, ಚಿಹ್ನೆಗಳು ಪಕ್ಕದ ಹಳಿಗೆ. × ಬಂದಾಗ + ಇನ್ನೂ ಕಾಯುತ್ತದೆ, ಕೊನೆಗೆ ಹೊರಬರುವುದು 400 500 7 × +. ಈ ವಿಧಾನಕ್ಕೆ ಶಂಟಿಂಗ್ ಯಾರ್ಡ್ ಅನ್ನುವ ಹೆಸರೇ ಉಳಿದಿದೆ. ಚಿಹ್ನೆ ಕೊನೆಗೆ ಬರುವ ಈ ಬರಹ ಪರದೇಶದವರಿಗೆ ತಲೆಕೆಳಗಾಗಿ ಕಂಡಿರಬಹುದು. ನಾವಾದರೋ ಮಾತಾಡುವುದೇ ಹಾಗೆ: ನಾನೂರಕ್ಕೆ, ಐನೂರನ್ನು ಏಳರಿಂದ ಗುಣಿಸಿ, ಕೂಡು. ಆವರಣವೇ ಬೇಡ. 1972ರ ಎಚ್‌ಪಿ-35 ಕ್ಯಾಲ್ಕುಲೇಟರಿನಲ್ಲಿ ಒತ್ತಬೇಕಾದದ್ದೂ ಹೀಗೇ.

ಇಲ್ಲಿಯವರೆಗೆ ಸೂತ್ರ ಬರೆಯುವವನು ಪ್ರೋಗ್ರಾಂ ಬರೆಯುವವನೇ. ನಮ್ಮ ಚಿಕ್ಕಪ್ಪನಿಗೆ ಮೊಬೈಲಿನಲ್ಲಿ ಲೆಕ್ಕ ಹಾಕಿಕೊಡಲು ಹೋದಾಗ ಬೇರೆಯೇ ತಲೆನೋವು ಶುರುವಾಯಿತು. ಒಬ್ಬರು ನೂಲು ತೆಗೆದ ಮೇಲೆ ಉಳಿಯುವ ಹುಳು ಮಾರಿದ ದುಡ್ಡನ್ನು ಅಸಲಿನಿಂದ ಕಳೆಯುತ್ತಾರೆ, ಇನ್ನೊಬ್ಬರು ಲೆಕ್ಕಕ್ಕೇ ತರುವುದಿಲ್ಲ. ಸೂತ್ರವನ್ನು ಬಳಸುವವರೇ ಬರೆಯಬೇಕು, ಅವರು ಬರೆದದ್ದನ್ನು ಆ ಕ್ಷಣಕ್ಕೆ ಓದಬೇಕು.

ಸೋಮಾರಿಗೆ ಇದಕ್ಕೆ 'ಇವಾಲ್' ಇದೆ, ಕೊಟ್ಟ ಸಾಲನ್ನು ಪ್ರೋಗ್ರಾಂ ಅಂತಲೇ ಓದಿ ಓಡಿಸಿಬಿಡುವ ಸೌಕರ್ಯ. ಲಿಸ್ಪ್ ಭಾಷೆಗಾಗಿ ಜಾನ್ ಮೆಕಾರ್ಥಿ ಕಾಗದದ ಮೇಲೆ ಬರೆದದ್ದನ್ನು ಸ್ಟೀವ್ ರಸಲ್ ಯಂತ್ರದಲ್ಲಿ ಓಡಿಸಿಬಿಟ್ಟರು. ಜಾವಾಸ್ಕ್ರಿಪ್ಟ್, ಪೈಥಾನ್‌ಗಳಲ್ಲೂ ಅದೇ ಹೆಸರು. ಆದರೆ ಅದಕ್ಕೆ ಲೆಕ್ಕ ಯಾವುದು, ಅಪ್ಪಣೆ ಯಾವುದು ಗೊತ್ತಿಲ್ಲ. ಸೂತ್ರದ ಜಾಗದಲ್ಲಿ ಯಾರೋ ಫೈಲ್ ಅಳಿಸುವ ಸಾಲು ಬರೆದರೆ ಅದನ್ನೂ ನಡೆಸಿಕೊಡುತ್ತದೆ. ಕೇಡಿಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ: ಪೈಥಾನಿಗೆ 9**9**9 ಕೊಡಿ ಸಾಕು (** ಅಂದರೆ ಘಾತ). ಉತ್ತರದಲ್ಲಿ ಸುಮಾರು 37 ಕೋಟಿ ಅಂಕಿಗಳಿವೆ, ಯಂತ್ರ ಉಸಿರು ಕಟ್ಟಿ ಕೂರುತ್ತದೆ.

ಸೂತ್ರ ಓದುವ ಪ್ರತ್ಯೇಕ ಲೈಬ್ರರಿಗಳು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಬೇಕಾಗುವುದು ಇಲ್ಲಿಯೇ. ಸಿ++ನವರಿಗೆ ಮ್ಯೂಪಾರ್ಸರ್, ಜಾವಾಸ್ಕ್ರಿಪ್ಟ್‌ನವರಿಗೆ 2013ರಲ್ಲಿ ಯೋಸ್ ಡಿ ಯೋಂಗ್ ಶುರು ಮಾಡಿದ ಮ್ಯಾಥ್.ಜೆಎಸ್. ಇದು ಇವಾಲ್ ಮುಟ್ಟುವುದಿಲ್ಲ. ಸಾಲನ್ನು ತಾನೇ ಬಿಡಿಸಿ, ಮರದ ಹಾಗೆ ಕೊಂಬೆ ಕೊಂಬೆಯಾಗಿ ಜೋಡಿಸಿ, ತುದಿಯಿಂದ ಬುಡಕ್ಕೆ ಲೆಕ್ಕ ಮಾಡುತ್ತದೆ. ರೆಂಡಿಟ್ಟ, ದರ ಅನ್ನುವ ಹೆಸರುಗಳಿಗೆ ನಾವು ಕೊಟ್ಟ ಬೆಲೆಯನ್ನಷ್ಟೇ ತುಂಬುತ್ತದೆ. ಹಾಗಂತ ಕಣ್ಣುಮುಚ್ಚಿ ನಂಬುವಂತಿಲ್ಲ, ಬೇಡದ ಫಂಕ್ಷನ್‌ಗಳನ್ನು ಬಂದ್ ಮಾಡಿಡಿ ಎಂದು ಅದನ್ನು ಮಾಡಿದವರೇ ಹೇಳುತ್ತಾರೆ.

ಒಂದು ಜಗಳ ಮಾತ್ರ ಇನ್ನೂ ಹರಿದಿಲ್ಲ. ಮೈನಸ್ 2ರ ವರ್ಗ, −2^2, ಎಷ್ಟು? ಎಕ್ಸೆಲ್ 4 ಅನ್ನುತ್ತದೆ. ಪೈಥಾನ್, ಮ್ಯಾಥ್.ಜೆಎಸ್ ಎರಡೂ −4 ಅನ್ನುತ್ತವೆ. ಜಾವಾಸ್ಕ್ರಿಪ್ಟ್ 2016ರಲ್ಲಿ ಘಾತದ ಚಿಹ್ನೆ ಸೇರಿಸಿಕೊಂಡಾಗ, ಆವರಣ ಹಾಕದೆ ಇದನ್ನು ಬರೆಯುವುದೇ ತಪ್ಪು ಎಂದು ತಳ್ಳಿಹಾಕಿತು. ಚಿಕ್ಕಪ್ಪನ ಹಳೆಯ ಲೆಕ್ಕವೆಲ್ಲ ಎಕ್ಸೆಲ್ಲಿನಲ್ಲಿದೆ, ನಾನು ಬರೆದದ್ದು ಮ್ಯಾಥ್.ಜೆಎಸ್‌ನಲ್ಲಿ. ಒಂದೊಂದು ಸೂತ್ರವನ್ನೂ ತೆರೆದು ಮೈನಸ್ ಎಲ್ಲೆಲ್ಲಿದೆ ಅಂತ ಹುಡುಕುತ್ತಾ ಕೂತಿದ್ದೇನೆ.