ಕಾಲ್ಬೆರಳಿಗೆ ಪೆಟ್ಟು ಬಿದ್ದರೆ ನೋವು ತಡವಾಗಿ ಬರುವುದೇಕೆ?

ಪ್ರಶ್ನೆ: ಕತ್ತಲಲ್ಲಿ ಮಂಚದ ಕಾಲಿಗೆ ಕಿರುಬೆರಳು ಬಡಿದರೆ, ಬಡಿದದ್ದು ಆ ಕ್ಷಣವೇ ಗೊತ್ತಾಗುತ್ತದೆ. ‘ಅಯ್ಯೋ, ಈಗ ನೋಯುತ್ತೆ’ ಅಂದುಕೊಳ್ಳುವಷ್ಟು ಹೊತ್ತೂ ಸಿಗುತ್ತದೆ. ಅಸಲಿ ನೋವು ಆಮೇಲೆ ಶುರು. ಯಾಕೆ ಹೀಗೆ?

ಉತ್ತರ: ಆ ಬಿಡುವು ನಿಜವಾದದ್ದೇ. ಬೆರಳಿನಿಂದ ಹೊರಟ ಸುದ್ದಿ ಬೇರೆ ಬೇರೆ ನರತಂತುಗಳಲ್ಲಿ, ಬೇರೆ ಬೇರೆ ವೇಗದಲ್ಲಿ ಬರುತ್ತದೆ.

ಈ ಸುದ್ದಿಗೆ ನರದ ಇಂಪಲ್ಸ್ ಎಂದು ಹೆಸರು. ಸುಮ್ಮನಿರುವ ನರತಂತುವಿನ ಒಳಗಿನ ವೋಲ್ಟೇಜ್ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದೆ. ನರ ಕೆರಳಿದಾಗ ಅದರ ಪೊರೆಯ ಸಣ್ಣ ರಂಧ್ರಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ. ಆ ಜಾಗದ ವೋಲ್ಟೇಜ್ ಉಲ್ಟಾ ಆಗುತ್ತದೆ. ಆಮೇಲೆ ಪೊಟ್ಯಾಸಿಯಂ ಹೊರಗೆ ಹೋಗಿ ಮೊದಲಿನ ಸ್ಥಿತಿ ಮರಳುತ್ತದೆ. ಅಷ್ಟರಲ್ಲಿ ಪಕ್ಕದ ಜಾಗ ಕೆರಳಿರುತ್ತದೆ. ಹಾಜ್‌ಕಿನ್ ಮತ್ತು ಹಕ್ಸ್ಲಿ ಎಂಬ ಬ್ರಿಟಿಷ್ ವಿಜ್ಞಾನಿಗಳು ಇದನ್ನು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನಲ್ಲಿ ಅಳೆದು 1952ರಲ್ಲಿ ಲೆಕ್ಕ ಸಮೇತ ವಿವರಿಸಿದರು. 1963ರಲ್ಲಿ ಅವರಿಗೆ ನೊಬೆಲ್ ಬಂತು.

ಇದಕ್ಕೂ ಒಂದು ಶತಮಾನ ಹಿಂದೆ, ನರದ ವೇಗವನ್ನು ಅಳೆಯಲು ಸಾಧ್ಯವೇ ಇಲ್ಲ ಎಂದು ದೊಡ್ಡ ವಿಜ್ಞಾನಿಗಳೇ ನಂಬಿದ್ದರು. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಅದನ್ನು ಅಳೆದೇಬಿಟ್ಟರು. ಸಿಕ್ಕಿದ್ದು ಸೆಕೆಂಡಿಗೆ ಸುಮಾರು 27 ಮೀಟರ್. ಹೆದ್ದಾರಿಯಲ್ಲಿ ಓಡುವ ಕಾರಿಗಿಂತ ಜಾಸ್ತಿಯೇನಲ್ಲ! ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು.

ಮನುಷ್ಯನ ನರಗಳಲ್ಲಿ ವೇಗ ಎರಡು ವಿಷಯಗಳ ಮೇಲೆ ನಿಂತಿದೆ. ಒಂದು, ತಂತುವಿನ ದಪ್ಪ. ಇನ್ನೊಂದು, ಮಯಲಿನ್ ಎಂಬ ಕೊಬ್ಬಿನ ಹೊದಿಕೆ. ಈ ಹೊದಿಕೆಯಲ್ಲಿ ಅಲ್ಲಲ್ಲಿ ಸಂದುಗಳಿರುತ್ತವೆ. ಇಂಪಲ್ಸ್ ಒಂದು ಸಂದಿನಿಂದ ಇನ್ನೊಂದಕ್ಕೆ ನೆಗೆಯುತ್ತಾ ಹೋಗುತ್ತದೆ. ಸ್ಪರ್ಶದ ಸುದ್ದಿ ತರುವ ತಂತುಗಳು ದಪ್ಪ, ಹೊದಿಕೆಯೂ ಚೆನ್ನಾಗಿದೆ. ಸೆಕೆಂಡಿಗೆ 35ರಿಂದ 75 ಮೀಟರ್ ಸಾಗುತ್ತವೆ. ಚುಚ್ಚಿದಂಥ ಮೊದಲ ನೋವಿನ ತಂತುಗಳಿಗೆ ಹೊದಿಕೆ ತೆಳು. ಅವುಗಳ ವೇಗ 5ರಿಂದ 30 ಮೀಟರ್. ಜೀವ ಹಿಂಡುವ, ಉರಿಯುವ ಎರಡನೇ ನೋವು ಬರುವುದು ಹೊದಿಕೆಯೇ ಇಲ್ಲದ ಸಣ್ಣ ತಂತುಗಳಲ್ಲಿ. ಅವುಗಳದ್ದು ಬರೀ ಅರ್ಧದಿಂದ 2 ಮೀಟರ್!

ದೊಡ್ಡವರಲ್ಲಿ ಕಾಲ್ಬೆರಳಿನಿಂದ ಬೆನ್ನುಹುರಿಗೆ ಹೆಚ್ಚುಕಡಿಮೆ ಒಂದು ಮೀಟರ್ ಅಂದುಕೊಳ್ಳಿ. ಸ್ಪರ್ಶದ ಸುದ್ದಿ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟರಲ್ಲಿ ಅಲ್ಲಿ ಮುಟ್ಟುತ್ತದೆ. ಉರಿಗೆ ಒಂದು ಸೆಕೆಂಡೇ ಬೇಕಾಗಬಹುದು. ನೀವು ಕೇಳಿದ ಬಿಡುವು ಇದೇ. ಹಣೆಗೆ ಪೆಟ್ಟಾದರೆ ಇಷ್ಟು ಹೊತ್ತು ಸಿಗುವುದಿಲ್ಲ, ದೂರವೇ ಕಡಿಮೆ ಅಲ್ವಾ?

ಜೋರಾಗಿ ಬಡಿದರೆ ಇಂಪಲ್ಸ್ ದೊಡ್ಡದಾಗುತ್ತದೆ ಎಂದು ಹಲವರು ತಿಳಿಯುತ್ತಾರೆ. ಹಾಗಾಗುವುದಿಲ್ಲ. ಒಂದು ತಂತುವಿನಲ್ಲಿ ಎಲ್ಲ ಇಂಪಲ್ಸ್‌ಗಳೂ ಒಂದೇ ಗಾತ್ರದವು. ಪೆಟ್ಟು ಜೋರಾದಷ್ಟೂ ಅವು ಒಂದರ ಹಿಂದೆ ಒಂದು ಬೇಗಬೇಗ ಹೊರಡುತ್ತವೆ. ಹೆಚ್ಚು ತಂತುಗಳೂ ಕೆರಳುತ್ತವೆ.

ಬೆರಳನ್ನು ಉಜ್ಜಿದರೆ ಹಿತವಾಗುವುದಕ್ಕೂ ಕಾರಣವಿದೆ. ಸ್ಪರ್ಶದ ಇಂಪಲ್ಸ್‌ಗಳು ಬೆನ್ನುಹುರಿಯಲ್ಲೇ ನೋವಿನ ಸುದ್ದಿಯನ್ನು ಸ್ವಲ್ಪ ತಡೆಯುತ್ತವೆ ಎಂದು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಹೇಳಿದರು. ವಿವರಗಳು ಆಮೇಲೆ ಬದಲಾದವು, ಮೂಲ ವಿಚಾರ ಉಳಿಯಿತು.

ಒಂದು ಮಾತು ಒತ್ತಿ ಹೇಳಬೇಕು. ಸಕ್ಕರೆ ಕಾಯಿಲೆ ತುಂಬಾ ವರ್ಷ ಹತೋಟಿಯಲ್ಲಿಲ್ಲದಿದ್ದರೆ ನರಗಳು ಹಾಳಾಗುತ್ತವೆ. ಸಾಮಾನ್ಯವಾಗಿ ಮೊದಲು ತೊಂದರೆ ಕಾಣುವುದು ಪಾದದಲ್ಲಿ, ಏಕೆಂದರೆ ಅಲ್ಲಿಗೆ ಹೋಗುವ ನರಗಳೇ ಅತಿ ಉದ್ದ. ಆಗ ಬಡಿದರೂ ಗೊತ್ತಾಗುವುದಿಲ್ಲ, ಗಾಯ ಹುಣ್ಣಾದರೂ ನೋಯುವುದಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಿದ್ದರೆ ದಿನವೂ ಅವರ ಅಂಗಾಲು, ಬೆರಳಿನ ಸಂದು ನೋಡಿ. ವರ್ಷಕ್ಕೊಮ್ಮೆಯಾದರೂ ಡಾಕ್ಟರ ಹತ್ತಿರ ಪಾದ ಪರೀಕ್ಷೆ ಮಾಡಿಸಿ. ತೆಳ್ಳನೆಯ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ, ‘ಗೊತ್ತಾಯಿತಾ?’ ಎಂದು ಕೇಳುತ್ತಾರೆ. ಐದು ನಿಮಿಷದ ಕೆಲಸ, ನೋವೂ ಇಲ್ಲ.