ಸೈತಾನನಿಗೆ ರಾಗವಿಲ್ಲ: ಹಿಲ್ಡೆಗಾರ್ಡ್ ರಂಗಕ್ಕೆ ಮರಳಿದ ಹಾದಿ

ಮಧ್ಯಯುಗದ ಹೆಣ್ಣೊಬ್ಬಳ ಬದುಕನ್ನು ಗೀತನಾಟಕವಾಗಿಸಲು ಹೊರಟವರಿಗೆ ಸಾಮಾನ್ಯವಾಗಿ ಸಿಗುವುದು ಯಾರದೋ ಮಗಳು, ಯಾರದೋ ಮಡದಿ ಎಂಬ ಒಂದೆರಡು ಸಾಲಿನ ದಾಖಲೆ ಮಾತ್ರ. ಆಕೆಯ ದನಿಯನ್ನು ಅವರೇ ಕಲ್ಪಿಸಿಕೊಳ್ಳಬೇಕಾಗುತ್ತದೆ. ಜರ್ಮನಿಯ ರೈನ್ ನದಿ ತೀರದ ಬಿಂಗೆನ್‌ನ ಹಿಲ್ಡೆಗಾರ್ಡ್ ವಿಷಯದಲ್ಲಿ ಸಂಗತಿ ಬೇರೆ. 1098ರಲ್ಲಿ ಹುಟ್ಟಿ 1179ರಲ್ಲಿ ತೀರಿಕೊಂಡ ಈ ಸನ್ಯಾಸಿನಿ ಎಪ್ಪತ್ತಕ್ಕೂ ಹೆಚ್ಚು ಭಕ್ತಿಗೀತೆಗಳನ್ನು ರಚಿಸಿದ್ದಲ್ಲದೆ, ತಾನೇ ಒಂದು ಗೀತನಾಟಕವನ್ನೂ ಬರೆದು ರಾಗ ಕೂಡಿಸಿದ್ದಳು. ಹಾಗಿದ್ದೂ ಶತಮಾನಗಳ ಕಾಲ ಜನ ಆಕೆಯನ್ನು ನೆನೆದದ್ದು ದಿವ್ಯದರ್ಶನಗಳನ್ನು ಕಂಡವಳೆಂದೇ ಹೊರತು ಸಂಗೀತಗಾರ್ತಿಯೆಂದಲ್ಲ.

ಆ ನಾಟಕದ ಹೆಸರು ‘ಓರ್ದೋ ವಿರ್ತೂತುಂ’, ಅಂದರೆ ಸದ್ಗುಣಗಳ ಸಾಲು. ತಾನು ಬೆಳೆದ ಡಿಸಿಬೋಡನ್‌ಬರ್ಗ್ ಮಠದ ಸನ್ಯಾಸಿಗಳ ವಿರೋಧವನ್ನು ಎದುರಿಸಿ, ಸುಮಾರು 1150ರಲ್ಲಿ ರೂಪರ್ಟ್ಸ್‌ಬರ್ಗ್‌ನಲ್ಲಿ ಹೆಂಗಸರದೇ ಮಠವನ್ನು ಕಟ್ಟಿಕೊಂಡ ಆಸುಪಾಸಿನಲ್ಲಿ ಹಿಲ್ಡೆಗಾರ್ಡ್ ಇದನ್ನು ರಚಿಸಿದಳು. ದಾರಿ ತಪ್ಪಿದ ಆತ್ಮವೊಂದನ್ನು ವಿನಯ, ತಾಳ್ಮೆ, ಪರಿಶುದ್ಧತೆ ಮೊದಲಾದ ಸದ್ಗುಣಗಳು ಮರಳಿ ಕರೆತರುವುದೇ ಇದರ ಕಥೆ. ಅದರಲ್ಲಿ ಸದ್ಗುಣಗಳೂ ಆತ್ಮವೂ ಹಾಡುತ್ತವೆ. ಸೈತಾನನೊಬ್ಬನಿಗೆ ಮಾತ್ರ ರಾಗವಿಲ್ಲ, ಅವನು ಅಬ್ಬರಿಸಿ ಮಾತಾಡಬೇಕು. ಸಂಗೀತವನ್ನು ಕಳೆದುಕೊಂಡಿರುವುದೇ ಪತನ ಎಂಬ ಇಷ್ಟು ದೊಡ್ಡ ವಿಚಾರವನ್ನು ಒಂದು ಪಾತ್ರದ ಬಾಯಿಂದ ಹಾಡನ್ನು ಕಸಿದುಕೊಂಡು ಹೇಳಿದ ಆ ರಂಗಪ್ರಜ್ಞೆಗೆ ನಾನು ಇಂದಿಗೂ ಬೆರಗಾಗುತ್ತೇನೆ.

ಈ ರಚನೆ ನಮ್ಮ ಕೈಗೆ ತಲುಪಿದ್ದು ಸುಲಭದಲ್ಲಿ ಅಲ್ಲ. ಹಿಲ್ಡೆಗಾರ್ಡಳ ಬಹುಪಾಲು ಬರಹಗಳನ್ನೂ ಹಾಡುಗಳನ್ನೂ ಒಳಗೊಂಡ, ಸುಮಾರು 15 ಕಿಲೋ ತೂಗುವ ಬೃಹತ್ ಹಸ್ತಪ್ರತಿಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುರಕ್ಷಿತವಾಗಿರಲೆಂದು ವೀಸ್‌ಬಾಡನ್‌ನಿಂದ ಡ್ರೆಸ್‌ಡನ್‌ಗೆ ಸಾಗಿಸಲಾಗಿತ್ತು. ಜೊತೆಯಲ್ಲಿ ಹೋದ, ಆಕೆಯ ದರ್ಶನಗಳ ಸಚಿತ್ರ ಹಸ್ತಪ್ರತಿ 1945ರಿಂದ ಪತ್ತೆಯಿಲ್ಲ. ಬೃಹತ್ ಹಸ್ತಪ್ರತಿ ಮಾತ್ರ ಉಳಿದು 1948ರಲ್ಲಿ ಹಿಂದಿರುಗಿತು. ಆಕೆಯ ಹಾಡುಗಳು 1969ರಲ್ಲಿ ಆಧುನಿಕ ಸ್ವರಲಿಪಿಯಲ್ಲಿ ಅಚ್ಚಾದವು. ಆ ಕೆಲಸದ ಹೆಚ್ಚಿನ ಭಾರ ಹೊತ್ತವರಲ್ಲಿ ಇಬ್ಬರು ಸನ್ಯಾಸಿನಿಯರೂ ಇದ್ದರು. 1982ರಲ್ಲಿ ಸೆಕ್ವೆನ್ಷಿಯಾ ಎಂಬ ಮೇಳ ಇಡೀ ನಾಟಕವನ್ನು ಧ್ವನಿಮುದ್ರಿಸಿದ ಮೇಲೆ, ಅದನ್ನು ಮತ್ತೆ ರಂಗಕ್ಕೆ ತರುವ ಪ್ರಯತ್ನಗಳು ಹೆಚ್ಚಿದವು.

ಹಸ್ತಪ್ರತಿಯಲ್ಲಿರುವ ಲಿಪಿ ಸ್ವರಗಳ ಏರಿಳಿತವನ್ನು ಹೇಳುತ್ತದೆ, ಲಯವನ್ನು ಹೇಳುವುದಿಲ್ಲ. ಯಾವ ವಾದ್ಯಗಳು ಬೇಕೆಂಬ ಸೂಚನೆಯೂ ಅಲ್ಲಿಲ್ಲ. ಹೀಗಾಗಿ ಇಂದು ನಾವು ಕೇಳುವ ಪ್ರತಿಯೊಂದು ಪ್ರಯೋಗದಲ್ಲೂ ನಿರ್ದೇಶಕರ, ಗಾಯಕರ ಊಹೆ ಬೆರೆತಿದೆ. ಹಿಲ್ಡೆಗಾರ್ಡಳ ಬದುಕನ್ನೇ ಹೊಸ ಗೀತನಾಟಕವಾಗಿಸುವವರಿಗೆ ಈ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ: ಕೆಲವೆಡೆ ಎರಡು ಸ್ಥಾಯಿಗಳನ್ನೂ ಮೀರಿ ಏರುವ ಆಕೆಯ ರಾಗಗಳ ಪಕ್ಕದಲ್ಲಿ ತಮ್ಮ ಸಂಗೀತವನ್ನು ಇಡುವುದು ಹೇಗೆ? ಆಕೆಯ ರಾಗಗಳನ್ನು ಬರೀ ಹಿನ್ನೆಲೆಯ ಅಲಂಕಾರವಾಗಿ ಬಳಸುವುದು ನನಗೆ ಅನ್ಯಾಯವೆನಿಸುತ್ತದೆ. ಅವು ಇರುವುದಾದರೆ ನಾಟಕದ ನಡುವಿನಲ್ಲೇ, ಆಕೆಯದೇ ಮಾತಾಗಿ ಇರಬೇಕು.

ಅಂಥ ಜಾಗವೊಂದು ಆಕೆಯ ಕೊನೆಯ ವರ್ಷಗಳಲ್ಲಿದೆ. ಚರ್ಚಿನಿಂದ ಬಹಿಷ್ಕೃತನಾಗಿದ್ದ ಕುಲೀನನೊಬ್ಬನನ್ನು ರೂಪರ್ಟ್ಸ್‌ಬರ್ಗ್ ಮಠದ ಆವರಣದಲ್ಲಿ ಹೂಳಲಾಗಿತ್ತು. ಶವವನ್ನು ಹೊರತೆಗೆಯಿರೆಂದು ಮೈನ್ಸ್ ನಗರದ ಚರ್ಚಿನ ಅಧಿಕಾರಿಗಳು 1178ರಲ್ಲಿ ಆಜ್ಞಾಪಿಸಿದರು. ಸಾಯುವ ಮೊದಲೇ ಆತನಿಗೆ ಕ್ಷಮೆ ದೊರೆತಿತ್ತೆಂದು ಹೇಳಿ, ಎಂಬತ್ತರ ಆ ಮುದುಕಿ ಒಪ್ಪಲಿಲ್ಲ. ಅದಕ್ಕೆ ಸಿಕ್ಕ ಶಿಕ್ಷೆಯಿಂದಾಗಿ ಮಠದಲ್ಲಿ ಹಾಡು ನಿಂತಿತು. ಪ್ರಾರ್ಥನೆಗಳನ್ನು ಮೆಲುದನಿಯಲ್ಲಿ ಓದಿಕೊಳ್ಳಬೇಕಾಯಿತು. ಹಿಲ್ಡೆಗಾರ್ಡ್ ಬರೆದ ಉತ್ತರದಲ್ಲಿ ಸೈತಾನ ಮತ್ತೆ ಬರುತ್ತಾನೆ. ಮನುಷ್ಯ ಹಾಡುವುದನ್ನು ಸಹಿಸಲಾರದೆ ಅದನ್ನು ಕೆಡಿಸಲು ಹವಣಿಸುವವನು ಅವನೇ ಎಂದೂ, ಸರಿಯಾದ ಕಾರಣವಿಲ್ಲದೆ ದೇವಸ್ತುತಿಯನ್ನು ನಿಲ್ಲಿಸಿದವರಿಗೆ ಸ್ವರ್ಗದ ಗಾನದಲ್ಲಿ ಪಾಲಿರದೆಂದೂ ಆಕೆ ಎಚ್ಚರಿಸಿದಳು. ತನ್ನ ನಾಟಕದಲ್ಲಿ ಸೈತಾನನಿಗೆ ವಿಧಿಸಿದ್ದ ಮೌನವೇ ಈಗ ಆಕೆಯ ಸೋದರಿಯರ ಪಾಲಿಗೆ ಬಂದಿತ್ತು.

1179ರ ಮಾರ್ಚ್‌ನಲ್ಲಿ ನಿಷೇಧ ತೆರವಾಯಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಆಕೆ ತೀರಿಕೊಂಡಳು. ಈ ಪ್ರಸಂಗವನ್ನು ರಂಗಕ್ಕೆ ತರುವ ಸಂಯೋಜಕರು ಹೊಸ ರಾಗವನ್ನು ಹುಡುಕುವ ಮುನ್ನ ವಾದ್ಯಗಳನ್ನೆಲ್ಲ ನಿಲ್ಲಿಸಿ, ಹಾಡುವ ಹಕ್ಕು ಕಳೆದುಕೊಂಡ ಆ ಹೆಂಗಸರು ಪುಟ ತಿರುವುತ್ತ ಮೆಲ್ಲನೆ ಓದುವುದನ್ನು ಸಾಕಷ್ಟು ಹೊತ್ತು ಕೇಳಿಸಬೇಕು.